ಮಾಳಿಗೆ ಸೋರಿದ ಮೇಲೆ

ಮನೆ ಕಟ್ಟಿಸಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಗಾದೆ ಮಾಡಿದರು. ಕಟ್ಟಿಸಿದ್ದು ಕೆಟ್ಟು ನಿಂತಾಗ ಕೊಟ್ಟ ಹಣವನ್ನು ಮರಳಿ ಪಡೆಯುವ ಪಾಡೇನೆಂಬುದನ್ನು ಅವರು ಹೇಳಿ ಹೋಗಲಿಲ್ಲ. ಈ ವಿಷಯವಾಗಿ ನನ್ನ ಹಳೆಯ ವಿದ್ಯಾರ್ಥಿಗಳು ಆಗಾಗ ಕೇಳುತ್ತಿರುವುದರಿಂದ, ನಮ್ಮ ಮನೆಯಲ್ಲಿ ನಡೆದದ್ದನ್ನು ಒಮ್ಮೆ ಬರೆದಿಡುವುದು ಒಳ್ಳೆಯದೆಂದು ತೋರಿತು.

ಕೆಂಚನಗುಡ್ಡದ ನಮ್ಮ ಮನೆ ಮೊದಲು ಮಣ್ಣಿನ ಮಾಳಿಗೆಯದು. ಪ್ರತಿವರ್ಷ ಮುಂಗಾರಿಗೆ ಮುನ್ನ ತಂದೆಯವರು ಬಂಡಿಯಲ್ಲಿ ಚೌಳು ಮಣ್ಣು ತರಿಸಿ ಮೇಲೆ ಹರಡಿಸುತ್ತಿದ್ದರು. ಸೋರಿದರೆ ಮತ್ತೆರಡು ಪುಟ್ಟಿ ಮಣ್ಣು, ಅಷ್ಟೇ. ಯಾರನ್ನೂ ದೂರುವ ಪ್ರಮೇಯವಿರಲಿಲ್ಲ. 1994ರಲ್ಲಿ ಅದನ್ನು ಕೆಡವಿ ಆರ್‌ಸಿಸಿ ಹಾಕಿಸಿದೆವು. ಇಪ್ಪತ್ತೆಂಟು ವರ್ಷ ಅದು ಬಾಳಿತು. 2022ರ ಬೇಸಿಗೆಯಲ್ಲಿ, ಮೇಲಿನ ಹಳೆಯ ಪದರವನ್ನು ಕೆತ್ತಿ ತೆಗೆದು, ವಾಟ ಸರಿಪಡಿಸಿ, ನೀರು ಇಳಿಯದಂತೆ ಹೊಸ ಪದರ ಹಾಕುವ ಕೆಲಸವನ್ನು 1,85,000 ರೂಪಾಯಿಗೆ ಗುತ್ತಿಗೆ ಕೊಟ್ಟೆ. ಸಿಮೆಂಟು ಮಾತ್ರ ನಾನು ಸಿರುಗುಪ್ಪದಿಂದ ಬಿಲ್ಲು ಸಮೇತ ತರಿಸಿದೆ, ಉಳಿದುದೆಲ್ಲ ಗುತ್ತಿಗೆದಾರನದು.

ಆ ಗುತ್ತಿಗೆದಾರ ನನ್ನ ವಿದ್ಯಾರ್ಥಿ. ಹೆಸರು ಬರೆಯುವುದಿಲ್ಲ, ಅವನ ಸಹಪಾಠಿಗಳೂ ಇದನ್ನು ಓದುತ್ತಾರೆ, ಊಹಿಸುವ ಶ್ರಮವನ್ನು ದಯವಿಟ್ಟು ಯಾರೂ ತೆಗೆದುಕೊಳ್ಳಬಾರದು. ಹಣ ಕೊಟ್ಟಾಗಲೆಲ್ಲ ನೋಟುಪುಸ್ತಕದಲ್ಲಿ ತಾರೀಖು, ಮೊತ್ತ, ಯಾವ ಕೆಲಸಕ್ಕೆಂಬುದನ್ನು ಬರೆದು ಅವನಿಂದ ಸಹಿ ಹಾಕಿಸುತ್ತಿದ್ದೆ. "ಏನ್ ಸಾರ್, ನನ್ನ ಮೇಲೂ ನಂಬಿಕೆ ಇಲ್ಲೇನು?" ಎಂದು ನಗುತ್ತಲೇ ಹಾಕಿದ. ನಂಬಿಕೆ ಬೇರೆ, ಲೆಕ್ಕ ಬೇರೆ ಎಂದೆ. ಮೂವತ್ತು ವರ್ಷ ಗಣಿತ ಕಲಿಸಿದವನಿಗೆ ಬೇರೆ ಮಾತು ಹೊಳೆಯುವುದೂ ಕಷ್ಟ.

ಸೆಪ್ಟೆಂಬರಿನ ಮಳೆಗೆ ಅಡುಗೆಮನೆ ಸೋರಿತು. ಒಂದು ಬೆಳಿಗ್ಗೆ ಒಲೆಯ ಪಕ್ಕದಲ್ಲಿಯೇ ಅಂಗೈ ಅಗಲದ ಗಿಲಾವು ಕಳಚಿ ಬಿತ್ತು. ನನ್ನ ಹೆಂಡತಿ ಆಗಷ್ಟೇ ಹಾಲಿಳಿಸಿ ಈಚೆ ಬಂದಿದ್ದಳು. ಮಾಳಿಗೆ ಹತ್ತಿ ನೋಡಿದರೆ ನಡುವೆ ನೀರು ಕೆರೆಯಂತೆ ನಿಂತಿತ್ತು. ನಮ್ಮ ಸೀಮೆಯ ಸಿರುಗುಪ್ಪ, ದೇಶನೂರು ಕಾಲುವೆಗಳು ವಿಜಯನಗರದ ಕಾಲದವು. ನೀರು ಯಾವ ಕಡೆಗೆ ಇಳಿಯಬೇಕೆಂಬುದು ಇಲ್ಲಿನ ಜನಕ್ಕೆ ಅಂದೇ ತಿಳಿದಿತ್ತು!

ಅವನು ಒಮ್ಮೆ ಬಂದು ನೋಡಿ, "ಸಿಮೆಂಟು ನೀವು ತಂದದ್ದಲ್ಲವೇ ಸಾರ್" ಎಂದ. ಆಮೇಲೆ "ಮುಂದಿನ ವಾರ ಹುಡುಗರನ್ನ ಕಳಿಸ್ತೀನಿ" ಎಂಬ ಮಾತು ದೀಪಾವಳಿಯವರೆಗೆ ನಡೆಯಿತು. ಬಳಿಕ ಫೋನೇ ಎತ್ತಲಿಲ್ಲ.

ಇಂಥ ಹೊತ್ತಿನಲ್ಲಿ ಎಲ್ಲರೂ ಮೊದಲು ಮಾಡುವುದು ಇನ್ನೊಬ್ಬ ಮೇಸ್ತ್ರಿಯನ್ನು ಕರೆಸಿ ರಿಪೇರಿ ಮಾಡಿಸುವುದು. ಹಾಗೆ ಮಾಡಿದರೆ ಸಾಕ್ಷ್ಯವೇ ಅಳಿಸಿಹೋಗುತ್ತದೆ. ಸೋರುವೆಡೆಗೆ ತಾಡಪಾಲು ಹೊದಿಸಿ, ಲೋಕೋಪಯೋಗಿ ಇಲಾಖೆಯಿಂದ ನಿವೃತ್ತರಾದ ಎಂಜಿನಿಯರೊಬ್ಬರನ್ನು ಕರೆಸಿದೆ. ನೂರು ಅಡಿಗೆ ಒಂದಡಿಯಾದರೂ ಇಳಿಜಾರಿರಬೇಕು, ಅಂದರೆ ನಮ್ಮ 24 ಅಡಿ ಮಾಳಿಗೆಗೆ ಸುಮಾರು 3 ಅಂಗುಲ. ಅವರು ನೀರಿನ ಕೊಳವೆ ಹಿಡಿದು ಅಳೆದಾಗ, ನಡುಭಾಗವು ನೀರು ಹೋಗುವ ಬಾಯಿಗಿಂತ ಒಂದಂಗುಲ ತಗ್ಗಿತ್ತು. ಮೇಲ್ಪದರವೂ ಉಗುರಿಗೆ ಕೆರೆದರೆ ಪುಡಿಯಾಗುತ್ತಿತ್ತು. ಬಿಸಿಲು ಸೀಮೆಯಲ್ಲಿ ಕಾಂಕ್ರೀಟನ್ನು ಕನಿಷ್ಠ 10 ದಿನ ಒದ್ದೆಯಾಗಿಡಬೇಕೆಂದು ಐಎಸ್ 456 ಸಂಹಿತೆ ಹೇಳುತ್ತದೆ; ನೀರುಣಿಸುವುದೂ ಗುತ್ತಿಗೆಯೊಳಗೇ ಇದ್ದ ಕೆಲಸ, ಅವನ ಹುಡುಗರು ಮೂರು ದಿನಕ್ಕೇ ಬೇರೆ ಕೆಲಸಕ್ಕೆ ಹೋಗಿದ್ದರು. ಎಂಜಿನಿಯರರು ಚಿತ್ರಗಳ ಸಹಿತ ವರದಿ ಬರೆದು, ಸರಿಪಡಿಸಲು 1,32,000 ರೂಪಾಯಿ ಬೇಕೆಂದು ಅಂದಾಜು ಕೊಟ್ಟರು. ಅದರ ಪ್ರತಿಯನ್ನಿಟ್ಟು ಹದಿನೈದು ದಿನದ ಗಡುವಿನ ನೋಟೀಸನ್ನು ಸ್ವೀಕೃತಿ ಪತ್ರದೊಂದಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದೆ. ಉತ್ತರ ಬರಲಿಲ್ಲ, ಅವನು ಸಹಿ ಮಾಡಿದ ಸ್ವೀಕೃತಿ ಮಾತ್ರ ಮರಳಿತು. ಬೇಕಾಗಿದ್ದುದೂ ಅದೇ.

ಊರಿನಲ್ಲಿ ಮಾತಾಯಿತು: ಮೇಷ್ಟ್ರು ಶಿಷ್ಯನ ಮೇಲೆಯೇ ಕೇಸು ಹಾಕುತ್ತಾರಂತೆ. ಮನೆಯಲ್ಲಿಯೂ "ಹುಡುಗನ ಹೊಟ್ಟೆ ಮೇಲೆ ಹೊಡೀಬ್ಯಾಡ್ರಿ" ಎಂದಳು. ಎರಡು ರಾತ್ರಿ ನನಗೂ ನಿದ್ದೆ ಬರಲಿಲ್ಲ. ಆದರೆ ಅವನು ಹುಡುಗನಲ್ಲ, ನಲವತ್ತು ದಾಟಿದವನು, ನಾಲ್ಕಾರು ಮನೆಗಳ ಕೆಲಸ ಹಿಡಿದವನು. ಪ್ರೀತಿಯ ವಿದ್ಯಾರ್ಥಿಯೆಂದು ತಪ್ಪು ಲೆಕ್ಕಕ್ಕೆ ನಾನು ಎಂದೂ ಅಂಕ ಕೊಟ್ಟವನಲ್ಲ.

ಇನ್ನು ಕಾನೂನು. ರೇರಾ ಕಾಯ್ದೆಯಲ್ಲಿ ಐದು ವರ್ಷದ ಹೊಣೆಯಿದೆಯಲ್ಲ ಎಂದು ಹಲವರು ಕೇಳುತ್ತಾರೆ. ಅದು ಮನೆ ಕಟ್ಟಿ ಮಾರುವವರಿಗೆ; ನಮ್ಮ ಮನೆಯನ್ನು ನಾವು ರಿಪೇರಿ ಮಾಡಿಸಿದರೆ ಅನ್ವಯಿಸದು. ನಮಗಿರುವುದು ಗ್ರಾಹಕ ಸಂರಕ್ಷಣಾ ಕಾಯ್ದೆ. 1986ರ ಕಾಯ್ದೆಗೆ 1993ರಲ್ಲಿ ತಂದ ತಿದ್ದುಪಡಿಯಿಂದ ಮನೆ ನಿರ್ಮಾಣವೂ 'ಸೇವೆ' ಎನಿಸಿತು. ಅದೇ ವರ್ಷ ಲಖನೌ ಅಭಿವೃದ್ಧಿ ಪ್ರಾಧಿಕಾರ ಮತ್ತು ಎಂ.ಕೆ. ಗುಪ್ತಾ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಮನೆ ಕಟ್ಟಿಕೊಡುವ ಸರ್ಕಾರಿ ಪ್ರಾಧಿಕಾರವೂ ಗ್ರಾಹಕನಿಗೆ ಉತ್ತರ ಹೇಳಬೇಕೆಂದು ತೀರ್ಪಿತ್ತಿತು. ಪ್ರಾಧಿಕಾರವೇ ಉತ್ತರ ಹೇಳಬೇಕಾದರೆ ಮೇಸ್ತ್ರಿಯ ಮಾತೇನು? ಈಗ ಜಾರಿಯಲ್ಲಿರುವುದು 2019ರ ಕಾಯ್ದೆ. ತೆತ್ತ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರಿರಲೇಬೇಕೆಂಬ ನಿಯಮವಿಲ್ಲ, ನಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು. "ಮುಂದಿನ ವಾರ" ಎನ್ನುವವರು ಕಾಯುತ್ತಿರುವುದು ಈ ಎರಡು ವರ್ಷ ಕಳೆಯಲೆಂದೇ ಇರಬಹುದು.

2023ರ ಫೆಬ್ರವರಿಯಲ್ಲಿ ಬಳ್ಳಾರಿಯ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಿದೆ. ಎದುರುಪಕ್ಷದವರು 30 ದಿನದಲ್ಲಿ, ಹೆಚ್ಚೆಂದರೆ ಇನ್ನೂ 15 ದಿನದಲ್ಲಿ ಉತ್ತರ ಕೊಡಬೇಕು. ಅದರಾಚೆ ಅವಕಾಶವಿಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೇ ಹೇಳಿದೆ. ಅವನ ವಕೀಲರ ವಾದ ಜಾಣತನದ್ದು: ಇವನು ಗುತ್ತಿಗೆದಾರನಲ್ಲ, ಮೇಷ್ಟ್ರು ಹೇಳಿದಂತೆ ಕೂಲಿಗೆ ದುಡಿದವನು ಎಂದು. ಇದು ಸುಮ್ಮನೆ ಹೇಳಿದ ಮಾತಲ್ಲ. ಯಜಮಾನನ ಅಪ್ಪಣೆಯಂತೆ ದುಡಿಯುವ ಆಳಿನ ಕೆಲಸ ಈ ಕಾಯ್ದೆಯ ಹೊರಗಿದೆ; ಆಳುತನಕ್ಕೂ ಒಪ್ಪಿಕೊಂಡು ಮಾಡಿಕೊಡುವ ಸೇವೆಗೂ ಇರುವ ಭೇದವನ್ನು 1995ರ ಇಂಡಿಯನ್ ಮೆಡಿಕಲ್ ಅಸೋಸಿಯೇಷನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಬಿಡಿಸಿ ಹೇಳಿತ್ತು. ನನ್ನ ನೋಟುಪುಸ್ತಕದ ಮೊದಲ ಪುಟದಲ್ಲಿ "ಪೂರ್ತಿ ಕೆಲಸ ಗುತ್ತಿಗೆ" ಎಂದು ಬರೆದು ಅದರ ಕೆಳಗೆ ಅವನ ಸಹಿಯಿತ್ತು. ಆ ಪುಟ ನೋಡಿದ ಮೇಲೆ ವಕೀಲರೇ ರಾಜಿಯ ಮಾತೆತ್ತಿದರು. ಹೊಸ ಕಾಯ್ದೆಯಲ್ಲಿ ಮಧ್ಯಸ್ಥಿಕೆಗೆ ಅವಕಾಶವಿದೆ. 1,20,000 ರೂಪಾಯಿಗಳನ್ನು ಮೂರು ಕಂತುಗಳಲ್ಲಿ ಕೊಡುವುದೆಂದು ಲಿಖಿತವಾಗಿ ಒಪ್ಪಂದವಾಯಿತು. 12,000 ಬಿಟ್ಟದ್ದೇಕೆಂದು ಮಗ ಕೇಳಿದ. ಬಳ್ಳಾರಿಗೆ ಎರಡೆರಡು ಬಸ್ಸು ಬದಲಿಸಿ ಓಡಾಡಿದವನು ನಾನು, ಅವನಲ್ಲ.

ಇಂದು ದೂರು ಕೊಡುವವರು ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಸಲಹೆಗೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಿದೆ. ಆಯೋಗದ ಆದೇಶಕ್ಕೆ ಮಣಿಯದವರಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ ವಿಧಿಸಬಹುದು.

ನಮ್ಮ ವಿಷಯದಲ್ಲಿ ಅಲ್ಲಿಗೆ ಹೋಗಲಿಲ್ಲ. ಕೊನೆಯ ಕಂತು ಹದಿನೆಂಟು ದಿನ ತಡವಾಗಿ ಬಂತು, ಅವನೇ ತಂದ. ಹೊಸ ಮೇಸ್ತ್ರಿಯ ಕೆಲಸ ಆಗಲೇ ಮುಗಿದಿತ್ತು. ಕಾಫಿ ಕುಡಿದು, ಕೇಳದೆಯೇ ಮಾಳಿಗೆ ಹತ್ತಿ ಒಂದು ತಂಬಿಗೆ ನೀರು ಸುರಿದು ನೋಡಿದ. ಏನೂ ಹೇಳಲಿಲ್ಲ. ಇಳಿದು ಬಂದವನು ಜೇಬಿನಿಂದ ಸಣ್ಣ ಡೈರಿ ತೆಗೆದು, "ಹಣ ಮುಟ್ಟಿತು ಅಂತ ಒಂದು ಸಹಿ ಹಾಕಿರಿ ಸಾರ್" ಎಂದ. ತಾರೀಖು ಸಹಿತ ಬರೆದುಕೊಟ್ಟೆ.