ಐದನೇ ಅವೆನ್ಯೂನಲ್ಲಿ ಎಡಕ್ಕೆ ತಿರುಗು, ಅಕ್ಕ

ಪೆನ್ ಸ್ಟೇಷನ್ನಿನ ಮೆಟ್ಟಿಲು ಹತ್ತಿ 34ನೇ ಬೀದಿಗೆ ಬಂದು ನಿಂತಾಗ ಬೆಳಗ್ಗೆ ಹತ್ತು ಗಂಟೆ. 2023ರ ಮೇ ತಿಂಗಳ ಒಂದು ಶನಿವಾರ. ಆಫೀಸ್ ಕೆಲಸದ ಮೇಲೆ ಎರಡು ವಾರಕ್ಕೆ ಅಂತ ನ್ಯೂಜೆರ್ಸಿಗೆ ಬಂದಿದ್ದೆ, ಮ್ಯಾನ್‌ಹಟನ್ನಿಗೆ ಕಾಲಿಟ್ಟಿದ್ದು ಅದೇ ಮೊದಲು. ದಿಕ್ಕು ತಪ್ಪೋದರಲ್ಲಿ ನಾನು ಎತ್ತಿದ ಕೈ. ಮೆಜೆಸ್ಟಿಕ್‌ನಲ್ಲಿ ಇವತ್ತಿಗೂ ಯಾರನ್ನಾದರೂ ಕೇಳದೆ ಪ್ಲಾಟ್‌ಫಾರ್ಮ್ ಹುಡುಕಲಾರೆ. ಆದರೆ ಅವತ್ತು ಬಲಗಡೆ ತಲೆ ಎತ್ತಿದರೆ ಎಂಪೈರ್ ಸ್ಟೇಟ್ ಬಿಲ್ಡಿಂಗ್ ಕಾಣಿಸಿತು. ಹಾಗಾದರೆ ನಾನು ನಿಂತಿರೋದು ಪೂರ್ವಕ್ಕೆ ಮುಖ ಮಾಡಿ, ಎಡಕ್ಕೆ ಹೋದರೆ ಸೆಂಟ್ರಲ್ ಪಾರ್ಕ್, ಬಲಕ್ಕೆ ಹೋದರೆ ಹಡಗುಕಟ್ಟೆ, ಸಮುದ್ರ. ಯಾರೂ ಹೇಳಿಕೊಟ್ಟಿರಲಿಲ್ಲ. ಗೊತ್ತಿತ್ತು, ಅಷ್ಟೆ.

ಗೊತ್ತಾಗಿದ್ದು ಹಾಸನದ ಚಿಕ್ಕಮ್ಮನ ಮನೆಯ ಟೀವಿ ಮುಂದೆ ಕೂತು. ಚಿಕ್ಕಮ್ಮನ ಮಗ, ನಾವೆಲ್ಲ ಗುಂಡ ಅಂತ ಕರೆಯೋನು, ಸೆಕೆಂಡ್ ಹ್ಯಾಂಡ್ ಪ್ಲೇಸ್ಟೇಷನ್ 4 ತಂದಿದ್ದ. ಅದರ ಜೊತೆ ಬಂದ ಡಿಸ್ಕ್ 'ಮಾರ್ವೆಲ್ಸ್ ಸ್ಪೈಡರ್‌ಮ್ಯಾನ್'. ಇನ್‌ಸಾಮ್ನಿಯಾಕ್ ಗೇಮ್ಸ್ ಅನ್ನೋ ಅಮೆರಿಕದ ಕಂಪನಿ 2018ರಲ್ಲಿ ಬಿಟ್ಟಿದ್ದು. ಬರೀ ಹೊಡೆದಾಟದ ಗೇಮ್ ಅಂದುಕೊಂಡು ಮೂಗು ಮುರಿದಿದ್ದೆ. ಹಬ್ಬದ ರಜೆಯಲ್ಲಿ ಒಂದು ಮಧ್ಯಾಹ್ನ ಅವನು ಕಂಟ್ರೋಲರ್ ಕೈಗೆ ಕೊಟ್ಟು, "ಯಾರ ಜೊತೆಗೂ ಜಗಳ ಆಡಬೇಡ ಅಕ್ಕ, ಸುಮ್ನೆ ಊರು ಸುತ್ತು" ಅಂದ. ಸುತ್ತಿದೆ. ರಾತ್ರಿ ಊಟಕ್ಕೆ ಮೂರು ಸಲ ಕರೆಸಿಕೊಂಡೆ.

ಹಳೆಯ ಕೆಲವು ಸ್ಪೈಡರ್‌ಮ್ಯಾನ್ ಗೇಮ್‌ಗಳಲ್ಲಿ ಬಲೆ ಆಕಾಶಕ್ಕೇ ಅಂಟಿಕೊಳ್ತಿತ್ತು. ಇದರಲ್ಲಿ ಹಾಗಲ್ಲ, ಎಳೆ ಅಂಟೋಕೆ ನಿಜವಾಗಿ ಒಂದು ಕಟ್ಟಡವೋ ಮರವೋ ಬೇಕು. ಬಟನ್ ಒತ್ತಿ ಹಿಡಿದರೆ ಎಳೆ ಹೋಗಿ ಗೋಡೆಗೆ ಅಂಟುತ್ತೆ, ನೀವು ಜೀಕ್ತೀರಿ. ಉಯ್ಯಾಲೆ ಆಡಿದವರಿಗೆ ಇದರ ಲೆಕ್ಕ ಹೇಳಿಕೊಡಬೇಕಿಲ್ಲ. ಕೆಳಗಿನ ತುದಿಯಲ್ಲಿ ಕೈಬಿಟ್ಟರೆ ಮುಂದಕ್ಕೆ ವೇಗ, ಮೇಲಿನ ತುದಿಯಲ್ಲಿ ಬಿಟ್ಟರೆ ಎತ್ತರ. ಎತ್ತರದ ಕಟ್ಟಡ ಇರೋ ಮಿಡ್‌ಟೌನ್‌ನಲ್ಲಿ ಹಾರಾಟ ಸಲೀಸು. ಗಿಡ್ಡ ಮನೆಗಳ ಗ್ರೀನಿಚ್ ಕಡೆ ಬಂದರೆ ಕಾಲು ರಸ್ತೆಗೆ ತಾಗೋ ಹಾಗಾಗುತ್ತೆ. ಸೆಂಟ್ರಲ್ ಪಾರ್ಕಿನಲ್ಲಂತೂ ಮರದಿಂದ ಮರಕ್ಕೆ ತಿಣುಕಬೇಕು. ಹೀಗೆ ಯಾವ ಬಡಾವಣೆ ಎಷ್ಟು ಎತ್ತರ ಅನ್ನೋದು ಬುದ್ಧಿಗಿಂತ ಮೊದಲು ಬೆರಳಿಗೆ ಗೊತ್ತಾಗಿಬಿಡುತ್ತೆ. ಗೂಗಲ್ ಮ್ಯಾಪ್ ಎಷ್ಟು ಸಲ ನೋಡಿದರೂ ನನಗೆ ಇದು ಆಗಿರಲಿಲ್ಲ.

ಊರೂ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. 1811ರಲ್ಲಿ ಮೂವರು ಕಮಿಷನರುಗಳು ಆಗಿನ್ನೂ ಹೊಲ, ಗುಡ್ಡ, ಹಳ್ಳಗಳಾಗಿದ್ದ ಜಾಗದ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದರು. ಉದ್ದಕ್ಕೆ 12 ಅವೆನ್ಯೂ, ಅಡ್ಡಕ್ಕೆ 155 ಬೀದಿ. ಅದಕ್ಕೇ ಅಲ್ಲಿ ವಿಳಾಸ ಅಂದ್ರೆ ಎರಡು ನಂಬರು. ಅಡ್ಡಬೀದಿಗಳನ್ನ ಎಣಿಸುತ್ತಾ ಇಪ್ಪತ್ತು ದಾಟಿದರೆ ಹೆಚ್ಚುಕಡಿಮೆ ಒಂದು ಮೈಲಿ. ಈ ಚೌಕುಳಿಯನ್ನು ಮೂಲೆಯಿಂದ ಮೂಲೆಗೆ ಸೀಳಿಕೊಂಡು ಹೋಗೋದು ಬ್ರಾಡ್‌ವೇ ಒಂದೇ, ಅದು ಮೊದಲಿನಿಂದ ಇದ್ದ ಹಳೆ ದಾರಿ. ಬ್ಯಾಟ್‌ಮ್ಯಾನ್‌ಗೆ, ಸೂಪರ್‌ಮ್ಯಾನ್‌ಗೆ ಕಾಲ್ಪನಿಕ ಊರು ಸಾಕಾಯ್ತು. ಸ್ಟ್ಯಾನ್ ಲೀ ಮತ್ತು ಸ್ಟೀವ್ ಡಿಟ್ಕೋ 1962ರಲ್ಲಿ ಸ್ಪೈಡರ್‌ಮ್ಯಾನ್‌ನನ್ನು ತಂದು ನಿಲ್ಲಿಸಿದ್ದು ನಿಜವಾದ ನ್ಯೂಯಾರ್ಕಿನಲ್ಲಿ. ಬಯಲುಸೀಮೆಯಲ್ಲಿ ಬಿಟ್ಟರೆ ಪಾಪ, ಅವನೂ ನಮ್ಮ ಹಾಗೆ ಬಸ್ಸಿಗೇ ಕಾಯಬೇಕು.

ಅವತ್ತು 34ನೇ ಬೀದಿಯಲ್ಲಿ ನಿಂತು ಗುಂಡನಿಗೆ ವೀಡಿಯೋ ಕಾಲ್ ಮಾಡಿದೆ. ಹಾಸನದಲ್ಲಿ ಸಂಜೆ ಏಳೂವರೆ. "ಒಂದ್ನಿಮಿಷ ಇರು, ನಾನೂ ಬರ್ತೀನಿ" ಅಂದವನೇ ಗೇಮ್ ಹಾಕಿದ. ಅವನ ಡಿಸ್ಕಿನಲ್ಲಿ ಆಗ ಇದ್ದದ್ದು 2020ರಲ್ಲಿ ಬಂದ ಎರಡನೇದು, 'ಮೈಲ್ಸ್ ಮೊರಾಲೆಸ್'. ಕಥೆ ನಡೆಯೋದು ಕ್ರಿಸ್ಮಸ್ ಹೊತ್ತಲ್ಲಿ. ಅವನ ಮ್ಯಾನ್‌ಹಟನ್ ತುಂಬ ಹಿಮ, ನನ್ನದರಲ್ಲಿ ಬೆವರು ಕೀಳೋ ಬಿಸಿಲು.

"ಐದನೇ ಅವೆನ್ಯೂನಲ್ಲಿ ಎಡಕ್ಕೆ ತಿರುಗು, ಅಕ್ಕ. ಎರಡು ಜಿಗಿತ ಅಷ್ಟೆ."

ಎರಡು ಜಿಗಿತ ಅಂದ್ರೆ ನನ್ನ ಕಾಲಿಗೆ ಎಂಟು ಬ್ಲಾಕ್. ಗೇಮಿನ ಊರನ್ನು ಕುಗ್ಗಿಸಿ ಮಾಡಿರೋದು, ದಿಕ್ಕು ನಿಜ, ದೂರ ಸುಳ್ಳು. ನಾನು 42ನೇ ಬೀದಿ ಮುಟ್ಟಿ, ಬಲಕ್ಕೆ ತಿರುಗಿ, ಗ್ರ್ಯಾಂಡ್ ಸೆಂಟ್ರಲ್ ದಾಟಿ ಲೆಕ್ಸಿಂಗ್ಟನ್ ಅವೆನ್ಯೂ ಹತ್ತಿರ ಬರೋ ಹೊತ್ತಿಗೆ ಅವನು ಯಾವುದೋ ತಾರಸಿ ಮೇಲೆ ಕೂತು ಕಾಯ್ತಿದ್ದ.

"ಕ್ರೈಸ್ಲರ್ ಬಿಲ್ಡಿಂಗ್ ನೋಡೋ ಎಷ್ಟು ಚೆನ್ನಾಗಿದೆ" ಅಂತ ಕ್ಯಾಮೆರಾ ತಿರುಗಿಸಿದೆ. 1930ರ ಕಟ್ಟಡ, 319 ಮೀಟರ್. ಮರುವರ್ಷ ಎಂಪೈರ್ ಸ್ಟೇಟ್ ಬರೋತನಕ ಪ್ರಪಂಚದಲ್ಲೇ ಎತ್ತರದ್ದು. ಬಿಸಿಲಿಗೆ ಅದರ ಉಕ್ಕಿನ ಕಿರೀಟ ಫಳಫಳ ಅಂತಿತ್ತು.

"ಇಲ್ಲಿ ಇಲ್ವಲ್ಲ ಅಕ್ಕ!"

ನಿಜಕ್ಕೂ ಇರಲಿಲ್ಲ. ಮೊದಲ ಗೇಮಿನಲ್ಲಿ ಕ್ರೈಸ್ಲರ್ ಇತ್ತು. ಆಮೇಲೆ ಕಟ್ಟಡದ ಮಾಲೀಕರು ಬದಲಾದರು, ರೂಪ ಬಳಸೋ ಹಕ್ಕಿನ ಮಾತುಕತೆ ಕುದುರಲಿಲ್ಲ. ಹಾಗಾಗಿ ಎರಡನೇ ಗೇಮಿನಿಂದ ಅದನ್ನು ತೆಗೆದು ಬೇರೆ ಏನೋ ಕಟ್ಟಿದ್ದಾರೆ. ಬೀದಿಯಲ್ಲಿ ಬಿಟ್ಟಿ ನೋಡಬಹುದಾದ ಕಟ್ಟಡಕ್ಕೆ ಗೇಮಿನಲ್ಲಿ ಪರ್ಮಿಷನ್ ಬೇಕು. ಬದಲಿಗೆ ಅವನ ಊರಲ್ಲಿ ಅವೆಂಜರ್ಸ್ ಟವರ್ ಇದೆ, ನನ್ನದರಲ್ಲಿ ಇಲ್ಲ. ಸರಿಹೋಯ್ತು ಅಂದುಕೊಂಡ್ವಿ. ಆದರೆ ಮಾರನೇ ದಿನ 23ನೇ ಬೀದಿಗೆ ಹೋದಾಗ ಮೋಸ ನನಗೇ ಆಯ್ತು. ಗೇಮಿನಲ್ಲಿ ಇಸ್ತ್ರಿಪೆಟ್ಟಿಗೆ ಹಾಗೆ ಚೂಪಾಗಿ ನಿಂತಿರೋ ಫ್ಲಾಟ್‌ಐರನ್ ಬಿಲ್ಡಿಂಗ್ ನಿಜದಲ್ಲಿ ರಿಪೇರಿಗೆ ಅಂತ ಸಾರುವೆ ಕಟ್ಟಿಸಿಕೊಂಡು ನಿಂತಿತ್ತು. ಫುಟ್‌ಪಾತ್ ಮೇಲೆ ಸಾರುವೆಯ ಚಪ್ಪರ ಆ ಊರಿನ ತುಂಬ. ಗೇಮ್ ಮಾಡಿದವರು ನ್ಯೂಯಾರ್ಕಿನ ಗುಡಿಸಿ ಒರೆಸಿದ ಮುಖ ತೋರಿಸಿದ್ದಾರೆ.

ಮುಖ ಒರೆಸಿದ್ದಾರೆ, ಜೇಬನ್ನಲ್ಲ. ಮೊದಲ ಗೇಮಿನ ಪೀಟರ್ ಪಾರ್ಕರ್‌ಗೆ 23 ವರ್ಷ, ಬಲೆ ಹಿಡಿದು ಎಂಟು ವರ್ಷ ಆಗಿದೆ. ಊರೆಲ್ಲ ಕಾಪಾಡ್ತಾನೆ, ಬಾಡಿಗೆ ಕಟ್ಟೋಕಾಗಲ್ಲ. ಒಂದು ದಿನ ಮನೆಗೆ ಬಂದರೆ ಬಾಗಿಲು ತೆಗೆಯಲ್ಲ, ಸಾಮಾನೆಲ್ಲ ಕಸದ ಲಾರಿ ಸೇರಿದೆ. ಅವನು ಲಾರಿ ಹಿಂದೆ ಹಾರಬೇಕು, ಅಂದ್ರೆ ನೀವು ಹಾರಬೇಕು. ಬೆಂಗಳೂರಿನಲ್ಲಿ ಮನೆ ಓನರ್ ಜೊತೆ ಅಡ್ವಾನ್ಸ್ ವಾಪಸಿಗೆ ಗುದ್ದಾಡಿದ ಯಾರಿಗಾದರೂ ಆ ಹದಿನೈದು ನಿಮಿಷ ಬಿಡಿಸಿ ಹೇಳಬೇಕಾಗಿಲ್ಲ. ಹಾರುವಾಗಲೇ ಫೋನ್ ಬರುತ್ತೆ, ಏದುಸಿರಲ್ಲೇ ಮಾತಾಡ್ತಾನೆ. ಅದಕ್ಕೋಸ್ಕರ ಕಂಠದಾನ ಮಾಡಿದ ಯೂರಿ ಲೋವೆಂಥಾಲ್ ಇಂಥ ಮಾತುಗಳನ್ನು ಎರಡೆರಡು ಸಲ ಹೇಳಿದ್ದಾರೆ, ಆರಾಮಾಗಿ ಒಂದು ಸಲ, ದಣಿದು ಒಂದು ಸಲ. ನೀವು ಜೀಕುತ್ತಿದ್ದರೆ ಒಂದು ಕೇಳುತ್ತೆ, ನಿಂತಿದ್ದರೆ ಇನ್ನೊಂದು. ಕೆಳಗಿಳಿದು ಫುಟ್‌ಪಾತ್ ಮೇಲೆ ನಡೆದರೆ ದಾರಿಹೋಕರಿಗೆ ಕೈ ಬೀಸಿ ಮಾತಾಡಿಸಬಹುದು. ಗುಂಡ ಎಷ್ಟೋ ಸಲ ಬರೀ ಇದನ್ನೇ ಮಾಡ್ತಾ ಕೂತಿರ್ತಾನೆ.

ಬೇಜಾರಾಗೋ ಭಾಗಗಳೂ ಇವೆ, ಮುಚ್ಚಿಡಲ್ಲ. ಮೇರಿ ಜೇನ್ ಪಾತ್ರವಾಗಿ ಬಗ್ಗಿ ಬಗ್ಗಿ ಕಳ್ಳಹೆಜ್ಜೆ ಹಾಕೋ ಮಿಷನ್‌ಗಳು ಯಾವಾಗ ಮುಗಿಯುತ್ತೋ ಅನ್ಸುತ್ತೆ. ಬೀದಿ ಬೀದಿಯ ಕಳ್ಳತನಗಳು ಹತ್ತನೇ ಸಲಕ್ಕೆ ಒಂದೇ ಥರ. ಫೈಟ್ ಕಷ್ಟ ಅನ್ನೋರಿಗೆ 'ಫ್ರೆಂಡ್ಲಿ' ಅನ್ನೋ ಸುಲಭದ ಲೆವೆಲ್ ಇದೆ, ನಾನು ನಾಚಿಕೆ ಇಲ್ಲದೆ ಅದರಲ್ಲೇ ಆಡಿದ್ದು.

ಇನ್ನೊಂದು ವಿಷಯ ಹೇಳಬೇಕು. ಕಥೆಯ ಕೊನೆ ಗೊತ್ತಾಗಬಾರದು ಅನ್ನೋರು ಮುಂದಿನ ಎರಡು ಪ್ಯಾರಾ ಬಿಟ್ಟುಬಿಡಿ.

ಪೀಟರನ್ನ ಸಾಕಿದ ಮೇ ಆಂಟಿ ನಿರಾಶ್ರಿತರ ಆಶ್ರಮವೊಂದರಲ್ಲಿ ಕೆಲಸ ಮಾಡ್ತಾರೆ. ಊರಿಗೆ ವಿಷದ ಸೋಂಕು ಹರಡಿ ಅವರೂ ಮಲಗ್ತಾರೆ. ಪೀಟರ್ ಕೈಯಲ್ಲಿ ಔಷಧಿ ಇದೆ, ಆದರೆ ಅಷ್ಟೇ ಇದೆ. ಮೇಗೆ ಕೊಟ್ಟರೆ ಅವರು ಉಳೀತಾರೆ, ಊರಿಗೆಲ್ಲ ಔಷಧಿ ಮಾಡೋಕೆ ಏನೂ ಉಳಿಯಲ್ಲ. ಅಷ್ಟು ಹೊತ್ತು ಒಂದೊಂದು ಹೆಜ್ಜೆಗೂ ನಿಮ್ಮ ಬೆರಳು ಬೇಕಾಗಿದ್ದ ಗೇಮ್ ಇಲ್ಲಿ ನಿಮ್ಮನ್ನ ಏನೂ ಕೇಳಲ್ಲ. ಯಾವ ಬಟನ್ನಿಗೂ ಕೆಲಸ ಇಲ್ಲ. ಅವನು ಕೊಡಲ್ಲ, ನೀವು ನೋಡ್ತೀರಿ.

ಗುಂಡ ಮೊದಲ ಸಲ ಇದನ್ನು ಆಡಿದಾಗ ನಾನು ಪಕ್ಕದಲ್ಲೇ ಇದ್ದೆ. ಕಂಟ್ರೋಲರ್ ಕೆಳಗಿಟ್ಟು ಎದ್ದು ಹಿತ್ತಲಿಗೆ ಹೋದ. 2021ರ ಮೇ ತಿಂಗಳಲ್ಲಿ ಚಿಕ್ಕಮ್ಮನಿಗೆ ಕೋವಿಡ್ ಜಾಸ್ತಿಯಾಗಿ ಡಾಕ್ಟರ್ ಒಂದು ಇಂಜೆಕ್ಷನ್ ಬರೆದುಕೊಟ್ಟಿದ್ದರು. ನಾವಿಬ್ಬರೂ ಸ್ಕೂಟರಲ್ಲಿ ಎರಡು ರಾತ್ರಿ ಅಲೆದು, ಕಡೆಗೊಂದು ಅಂಗಡಿಯಲ್ಲಿ ಕೊನೇ ಬಾಟಲಿ ಸಿಕ್ಕಿತ್ತು. ನಮ್ಮ ಹಿಂದೆ ಒಬ್ಬರು ಚೀಟಿ ಹಿಡಿದು ನಿಂತಿದ್ದರು. ದುಡ್ಡು ಕೊಟ್ಟು, ತಿರುಗಿ ನೋಡದೆ ಹೊರಟುಬಂದ್ವಿ. ಹಿತ್ತಲಲ್ಲಿ ಗುಂಡ ಕೇಳಿದ್ದು ಒಂದೇ ಮಾತು: "ಅವರಿಗೆ ಬೇರೆ ಕಡೆ ಸಿಕ್ಕಿರುತ್ತೆ ಅಲ್ವಾ ಅಕ್ಕ?" ಸಿಕ್ಕಿರುತ್ತೆ ಅಂದೆ. ನನಗೇನು ಗೊತ್ತು. ಎರಡು ವರ್ಷದಲ್ಲಿ ಆ ರಾತ್ರಿ ಬಗ್ಗೆ ನಾವು ಮಾತಾಡಿದ್ದು ಅದೇ ಮೊದಲು. ಗೇಮ್ ಆಡ್ತಾ ಆಡ್ತಾ ಹುಡುಗರು ಹಾಳಾಗ್ತಾರೆ ಅಂತ ಯಾರಾದರೂ ಅಂದರೆ ನನಗೆ ಆ ಹಿತ್ತಲು ನೆನಪಾಗುತ್ತೆ.

ಮತ್ತೆ ಆ ಶನಿವಾರಕ್ಕೆ. 59ನೇ ಬೀದಿಯಲ್ಲಿ ಸೆಂಟ್ರಲ್ ಪಾರ್ಕ್ ಶುರುವಾಯ್ತು. ಗೇಮಿನಲ್ಲಿ ಮರ ಹಿಡಿದು ತಿಣುಕಿಕೊಂಡೇ ಹೋದರೂ ಟೀ ಆರೋದರೊಳಗೆ ದಾಟಬಹುದು. ನಿಜವಾದದ್ದು 843 ಎಕರೆ, ಮೂರೂವರೆ ಲಾಲ್‌ಬಾಗ್. 110ನೇ ಬೀದಿವರೆಗೆ ನಾಲ್ಕು ಕಿಲೋಮೀಟರ್ ಉದ್ದ. ಗುಂಡ ಆಚೆ ದಡ ಮುಟ್ಟಿ, ಮೈಲ್ಸ್ ಇರೋ ಹಾರ್ಲೆಮ್ ಸೇರಿ, "ಎಲ್ಲಿದ್ದೀಯಾ, ಬಂದ್ಯಾ?" ಅಂತ ಕಾಟ ಕೊಡ್ತಿದ್ದ. ನಾನು ಚಪ್ಪಲಿ ಬಿಚ್ಚಿ ಹುಲ್ಲಿನ ಮೇಲೆ ಕೂತಿದ್ದೆ. ಸುತ್ತ ಮಕ್ಕಳು, ನಾಯಿಗಳು, ಬಿಸಿಲು ಕಾಯಿಸ್ತಾ ಮಲಗಿದ್ದವರು. ಇವು ಯಾವುದೂ ಹೊಸದಲ್ಲ. ವಾಸನೆ ಹೊಸದು: ಗಾಡಿಯಲ್ಲಿ ಹುರೀತಿದ್ದ ಸಕ್ಕರೆ ಕಡ್ಲೆಬೀಜದ್ದು, ಕುದುರೆ ಲದ್ದಿಯದ್ದು. ಮೇಲಿಂದ ಹಾರಿದವರಿಗೆ ಇದು ಸಿಗಲ್ಲ ಅಂತ ಅವನಿಗೆ ಹೇಳಿದೆ.

"ಕಾಲು ನೋವು ಕೂಡ ಸಿಗಲ್ಲ" ಅಂದ.

ಫೋನಿನ ಆಚೆಯಿಂದ ಕುಕ್ಕರ್ ಕೂಗೋದು ಕೇಳಿಸ್ತು. ಚಿಕ್ಕಮ್ಮ ಬಂದು ಪರದೆಯಲ್ಲಿ ಇಣುಕಿದರು, ಅರ್ಧ ಹಣೆ ಮಾತ್ರ ಕಾಣ್ತಿತ್ತು. ಹಿಂದೆ ಟೀವಿಯಲ್ಲಿ ಹಿಮ ಬೀಳ್ತಿತ್ತು, ನನ್ನ ಹಿಂದೆ ಹಸಿರು.

"ಇಬ್ಬರೂ ಒಂದೇ ಊರಲ್ಲಿದ್ದೀರಾ?" ಅಂತ ಕೇಳಿ, ಉತ್ತರಕ್ಕೆ ಕಾಯದೆ, "ತಿಂಡಿ ಏನಾದ್ರೂ ತಿಂದ್ಯೇನೇ?" ಅಂದರು.