ನೀರೊಳಗಿನ ಬೆವರು

ಕೊಳದ ನೀರಿನಲ್ಲಿ ಮುಳುಗಿ ಕೂತವನು ಬೆವರಿದರೆ ಅದನ್ನು ಕಂಡವರು ಯಾರು? ರನ್ನನ ‘ಗದಾಯುದ್ಧ’ ಓದಿದವರು ಕೇಳಬಹುದಾಗಿದ್ದ, ಆದರೆ ಕೇಳಲು ಮನಸ್ಸೇ ಬಾರದ ಪ್ರಶ್ನೆ ಇದು. ಸೈನ್ಯವೆಲ್ಲ ಅಳಿದ ಮೇಲೆ ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಿದ್ದಾನೆ. ದಡದ ಮೇಲೆ ನಿಂತು ಭೀಮ ಗರ್ಜಿಸುತ್ತಾನೆ. ಕೇಳಿದವನ ಕಣ್ಣು ಕೋಪಕ್ಕೆ ಕೆಂಪೇರುತ್ತದೆ. ನೀರಿನೊಳಗಿದ್ದೂ ಮೈ ಬೆವರುತ್ತದೆ. ಆ ಗರ್ಜನೆ ಸಿಂಹದ ದನಿಯನ್ನು ಗೆದ್ದಿತು, ಗುಡುಗನ್ನು ಮೀರಿಸಿತು ಎಂದೂ ರನ್ನ ಹೇಳುತ್ತಾನೆ. ಅದನ್ನು ಯಾವ ಕವಿಯಾದರೂ ಹೇಳಿಯಾನು. ಸಾವಿರ ವರ್ಷದಿಂದ ಜನರ ಬಾಯಲ್ಲಿ ಉಳಿದಿರುವುದು ಗುಡುಗಲ್ಲ, ಬೆವರು.

ಅತಿಶಯೋಕ್ತಿಯ ರುಚಿ ಹತ್ತಿದವರು ಮೊದಲು ಕಲಿಯುವ ಪಾಠ ಇದೇ ಇರಬೇಕು: ದೊಡ್ಡದನ್ನು ಹೇಳಲು ದೊಡ್ಡ ವಸ್ತುವೇ ಬೇಕಿಲ್ಲ. ಬೆಟ್ಟ ಒಡೆಯಿತು, ಕಡಲು ಬತ್ತಿತು ಎನ್ನುವವನಿಗಿಂತ ಒಂದು ಹನಿ ಬೆವರನ್ನು ಇರಬಾರದ ಜಾಗದಲ್ಲಿ ಇಟ್ಟವನು ಗಟ್ಟಿಗ.

ಹಳೆಯ ಕಾವ್ಯಶಾಸ್ತ್ರದವರು ಇದನ್ನು ಹಗುರವಾಗಿ ಕಂಡವರಲ್ಲ. ಲೋಕದ ಎಲ್ಲೆಯನ್ನು ದಾಟಿಸಿ ಹೇಳುವ ಈ ಬಗೆಯೇ ಉಳಿದ ಅಲಂಕಾರಗಳಿಗೂ ಆಸರೆ ಎಂದವನು ದಂಡಿ. ಅವನ ‘ಕಾವ್ಯಾದರ್ಶ’ವನ್ನು ಎದುರಿಗಿಟ್ಟುಕೊಂಡೇ ಒಂಬತ್ತನೇ ಶತಮಾನದಲ್ಲಿ ನಮ್ಮ ‘ಕವಿರಾಜಮಾರ್ಗ’ ಹುಟ್ಟಿತು. ಕಾವೇರಿಯಿಂದ ಗೋದಾವರಿಯವರೆಗಿನ ನಾಡಿನ ಜನ ಓದದೆಯೂ ಕಾವ್ಯ ಬಲ್ಲವರು ಎಂಬ ಅದರ ಹೊಗಳಿಕೆಯನ್ನು ನಾವು ನವೆಂಬರ್ ಒಂದರಂದು ಎದೆಯುಬ್ಬಿಸಿ ಹೇಳಿಕೊಳ್ಳುತ್ತೇವೆ. ಅಲಂಕಾರ ಕಲಿಸಲು ಹೊರಟ ಪುಸ್ತಕ ತನ್ನ ಓದುಗರನ್ನೇ ಉದಾಹರಣೆ ಮಾಡಿಕೊಂಡಿತೋ ಏನೋ!

ಹದಿನಾರನೇ ಶತಮಾನದ ಅಪ್ಪಯ್ಯ ದೀಕ್ಷಿತರಂತೂ ‘ಕುವಲಯಾನಂದ’ದಲ್ಲಿ ಇದರ ಒಳಬಗೆಗಳನ್ನು ಸೊಪ್ಪು ಸೋಸಿದ ಹಾಗೆ ಬಿಡಿಸಿಟ್ಟಿದ್ದಾರೆ. ಹೆಸರುಗಳು ಬಾಯಿ ತಿರುಗದಂಥವು. ಒಳಗಿರುವುದು ಮಾತ್ರ ಮನೆಮಾತು. ಚಪಲಾತಿಶಯೋಕ್ತಿಯನ್ನೇ ನೋಡಿ. ಗಂಡ ‘ಹೊರಡುತ್ತೇನೆ’ ಎಂದನಷ್ಟೇ, ಇನ್ನೂ ಹೊರಟಿಲ್ಲ. ಅಷ್ಟಕ್ಕೇ ಅವಳು ಎಷ್ಟು ಸೊರಗಿದಳೆಂದರೆ ಬೆರಳಿನ ಉಂಗುರ ಕೈಗೆ ಬಳೆಯಾಯಿತು. ಅತ್ಯಂತಾತಿಶಯೋಕ್ತಿಯಲ್ಲಿ ಪರಿಣಾಮ ಮೊದಲು, ಕಾರಣ ಆಮೇಲೆ: ಅವಳ ಮುನಿಸು ಹೋಯಿತು, ನಂತರ ಅವನು ರಮಿಸಿದ. ಊಟದ ಮನೆಯಲ್ಲಿ ಎಲೆ ಹಾಕುವ ಮುಂಚೆಯೇ ತೇಗುವ ನೆಂಟರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಉಂಗುರ ಎಂಬ ಮಾತಿನಲ್ಲಿ ಒಂದು ಅಳತೆ ಇರುವುದನ್ನು ಗಮನಿಸಬೇಕು. ‘ತುಂಬ ಸೊರಗಿದಳು’ ಎಂದರೆ ಎಷ್ಟು ಅಂತ ತಿಳಿಯುವುದಿಲ್ಲ. ಬೆರಳಿನದು ಮುಂಗೈಗೆ ಬಂತೆಂದರೆ ಕಣ್ಣೇ ಅಳೆದು ನೋಡಿ, ಸಾಧ್ಯವಿಲ್ಲ ಎಂದು ನಕ್ಕು, ಒಪ್ಪಿಕೊಳ್ಳುತ್ತದೆ.

ಕಲ್ಲಿನ ಮೇಲೂ ಈ ಆಟ ನಡೆದಿದೆ. ಐಹೊಳೆಯ ಮೇಗುತಿ ಬಸದಿಯ ಗೋಡೆಯಲ್ಲಿ ರವಿಕೀರ್ತಿ ಕೆತ್ತಿಸಿದ ಇಮ್ಮಡಿ ಪುಲಕೇಶಿಯ ಪ್ರಶಸ್ತಿ ಇದೆ. ಕಾಲ ಶಕ 556, ಎಂದರೆ ಕ್ರಿ.ಶ. 634ರ ಸುಮಾರು. ಚೋಳರ ಮೇಲೆ ದಂಡೆತ್ತಿ ಹೋದಾಗ ಪುಲಕೇಶಿಯ ಮದ್ದಾನೆಗಳೇ ಸೇತುವೆಯಾಗಿ ಅಡ್ಡನಿಂತು, ಕಾವೇರಿಯ ನೀರು ತಡೆದು, ಹೊಳೆ ಕಡಲು ಸೇರುವುದೇ ನಿಂತುಹೋಯಿತು ಎನ್ನುತ್ತಾನೆ ಕವಿ. ಕನ್ನಂಬಾಡಿ ಕಟ್ಟುವುದಕ್ಕೆ ಸಾವಿರದ ಮುನ್ನೂರು ವರ್ಷ ಮುಂಚೆ ಆನೆಗಳಿಂದಲೇ ಒಂದು ಅಣೆಕಟ್ಟು! ಅದೇ ಶಾಸನ ಶಕವರ್ಷವನ್ನು ಲೆಕ್ಕ ತಪ್ಪದೆ ಕೊಡುತ್ತದೆ. ಇತಿಹಾಸಕಾರರು ಚಾಲುಕ್ಯರ ಕಾಲಗಣನೆಗೆ ಅದನ್ನೇ ಆಧರಿಸುತ್ತಾರೆ. ಯಾವುದು ಲೆಕ್ಕ, ಯಾವುದು ಆನೆ ಎಂಬ ಗೊಂದಲ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಅದೇ ಬರಹದ ಕೊನೆಗೆ ರವಿಕೀರ್ತಿ ತನ್ನನ್ನು ಕಾಳಿದಾಸ, ಭಾರವಿಯರ ಸಾಲಿಗೆ ಸೇರಿಸಿಕೊಂಡಿದ್ದಾನೆ. ಅದು ಅತಿಶಯೋಕ್ತಿಯೋ ಸುಮ್ಮನೆ ಆತ್ಮವಿಶ್ವಾಸವೋ, ಓದುಗರೇ ನಿರ್ಧರಿಸಲಿ.

ನಿಜವೇ ದೈತ್ಯವಾಗಿರುವ ಕಡೆ ಕವಿಯ ಪಾಡು ಕಷ್ಟ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅಲ್ಲಿಯವರು ಮಳೆಯ ಬಗ್ಗೆ ಸತ್ಯ ಹೇಳಿದರೂ ಬಯಲುಸೀಮೆಯವರು ‘ಬಿಡಪ್ಪ ಬುರುಡೆ’ ಅನ್ನುತ್ತಾರೆ. ಶ್ರವಣಬೆಳಗೊಳದಲ್ಲಿ 57 ಅಡಿಯ ಗೊಮ್ಮಟನ ಮುಂದೆ ನಿಂತ ಬೊಪ್ಪಣ ಪಂಡಿತನಿಗೂ ಇದೇ ಪೇಚು. ಸುಮಾರು 1180ರ ತನ್ನ ಶಾಸನದಲ್ಲಿ ಅವನು ಎತ್ತರವನ್ನು ಇನ್ನಷ್ಟು ಎತ್ತರಿಸುವ ಗೋಜಿಗೆ ಹೋಗಲಿಲ್ಲ. ಎತ್ತರವಿದ್ದಲ್ಲಿ ಚೆಲುವು ಸಿಕ್ಕುವುದು ಕಷ್ಟ, ಇವೆರಡೂ ಇದ್ದಲ್ಲಿ ಮಹಿಮೆ ಸಿಕ್ಕುವುದು ಕಷ್ಟ, ಇಲ್ಲಿ ಮೂರೂ ಇವೆ ಎಂದು ತರ್ಕ ಹೂಡಿದ. ಹಕ್ಕಿಗಳು ಮರೆತು ಕೂಡ ಈ ಮೂರ್ತಿಯ ಮೇಲೆ ಹಾರವು ಎಂದ. ಮರೆತು ಕೂಡ ಎಂಬುದರಲ್ಲಿದೆ ಕಸುಬು. ಹಕ್ಕಿಗೆ ಮರೆವು ಇರಬಹುದು ಎಂದು ಒಂದು ರಿಯಾಯಿತಿ ಕೊಟ್ಟು, ಅದನ್ನೂ ವಾಪಸು ತೆಗೆದುಕೊಂಡ.

ಗದುಗಿನ ಕುಮಾರವ್ಯಾಸನಿಗೆ ಬಂದರೆ ತೂಕದ ಲೆಕ್ಕ. ರಾಮಾಯಣ ಬರೆದ ಕವಿಗಳ ಭಾರಕ್ಕೆ ಭೂಮಿ ಹೊತ್ತ ಆದಿಶೇಷ ತಿಣುಕಾಡಿದನಂತೆ. ಅದಕ್ಕೇ ತಾನು ಭಾರತದ ಕಡೆ ಹೊರಳಿದ್ದು. ಕವಿಗಳ ಸಂಖ್ಯೆ ಹೇಳದೆ, ಹೊರುವವನ ಸೊಂಟ ತೋರಿಸಿಬಿಟ್ಟ. ಇಂದು ಅದೇ ಶೇಷನ ಮೇಲೆ ನಮ್ಮ ಕವಿಗೋಷ್ಠಿಗಳೂ ಇವೆ ಎಂಬುದನ್ನು ನೆನೆದರೆ ಪಾಪ ಅನಿಸುತ್ತದೆ.

ಆದರೆ ತನ್ನ ಬಗ್ಗೆಯೇ ಹೇಳಿಕೊಳ್ಳುವ ಅತಿಶಯ ಬೇರೆ ಜಾತಿಯದು. ಅಂತಃಪುರದ ಹೆಂಗಸರ ಮುಂದೆ ಕೌರವ ಸೇನೆಯನ್ನು ಚಿಂದಿ ಮಾಡುತ್ತೇನೆಂದ ವಿರಾಟನ ಮಗ ಉತ್ತರ, ನಿಜವಾದ ಸೇನೆ ಕಣ್ಣಿಗೆ ಬಿದ್ದೊಡನೆ ರಥದಿಂದ ಧುಮುಕಿ ಓಡಿದ. ಸಾರಥಿಯಾಗಿದ್ದ ಬೃಹನ್ನಳೆ ಅಟ್ಟಿಸಿಕೊಂಡು ಹೋಗಿ ಹಿಡಿದು ತರಬೇಕಾಯಿತು. ‘ಉತ್ತರನ ಪೌರುಷ ಒಲೆಯ ಮುಂದೆ’ ಎಂದು ಗಾದೆಯಾಗಿ ಉಳಿದ. ಅವನ ವಂಶದ ಕುಡಿಯೇ ಕೈಲಾಸಂ ಅವರ ‘ಬಂಡ್ವಾಳ್ವಿಲ್ಲದ ಬಡಾಯಿ’ಯ ವಕೀಲ ಅಹೋಬ್ಲು. ಇವರಿಬ್ಬರೂ ನಗೆಗೀಡಾಗುವುದು ಹೆಚ್ಚು ಹೇಳಿದ್ದಕ್ಕಲ್ಲ, ಹೇಳಿದ್ದನ್ನು ಎದುರಿಗಿದ್ದವರು ನಂಬಲಿ ಎಂದು ಆಸೆಪಟ್ಟದ್ದಕ್ಕೆ. ರನ್ನನಿಗೆ ಆ ಆಸೆ ಇರಲಿಲ್ಲ.

ದಿನಬಳಕೆಯಲ್ಲಿ ಈ ಅಲಂಕಾರವಿಲ್ಲದೆ ಒಂದು ಗಂಟೆ ಕಳೆಯುವುದು ಕಷ್ಟ. ‘ಸಾವಿರ ಸಲ ಹೇಳಿದ್ದೀನಿ, ಒದ್ದೆ ಟವೆಲ್ ಮಂಚದ ಮೇಲೆ ಹಾಕಬೇಡ’ ಎನ್ನುವ ತಾಯಿಯ ಹತ್ತಿರ ಯಾವ ಮಗನೂ ಲೆಕ್ಕದ ಪುಸ್ತಕ ಕೇಳುವುದಿಲ್ಲ. ಜಾತ್ರೆಯಲ್ಲಿ ಎಳ್ಳು ಹಾಕಿದರೂ ಕೆಳಗೆ ಬೀಳದಷ್ಟು ಜನ. ಎಳ್ಳು! ಇಷ್ಟು ಚಿಕ್ಕ ಕಾಳು ಅಷ್ಟು ದೊಡ್ಡ ಜಾತ್ರೆಯನ್ನು ಅಳೆಯುತ್ತದೆ. ಪತ್ರಿಕೆಯವರ ‘ಜನಸಾಗರ’ಕ್ಕೆ ಆ ಯೋಗ್ಯತೆ ಇಲ್ಲ. ‘ಮುಗಿಲು ಮುಟ್ಟಿದ ಆಕ್ರಂದನ’, ‘ಗಗನಕ್ಕೇರಿದ ಈರುಳ್ಳಿ ಬೆಲೆ’ ಇವೆಲ್ಲ ಹುಟ್ಟಿದ ದಿನ ಜೀವಂತವಾಗಿದ್ದಿರಬೇಕು. ಈಗ ಗಗನವೂ ಕಾಣುವುದಿಲ್ಲ, ಈರುಳ್ಳಿಯೂ ಕಾಣುವುದಿಲ್ಲ. ಟೀವಿಯವರು ಸಾಧಾರಣ ಮಳೆಗೂ ‘ಜಲಪ್ರಳಯ’ ಎಂದು ಕೂಗಿ, ನಿಜವಾದ ನೆರೆ ಬಂದ ದಿನ ಹೇಳಲು ಪದವಿಲ್ಲದೆ ದನಿಯನ್ನಷ್ಟೇ ಏರಿಸುತ್ತಾರೆ.

ಜಾಹೀರಾತಿನವರು ಈ ವಿಷಯದಲ್ಲಿ ಹೆಚ್ಚು ಜಾಣರು. 1985ರಲ್ಲಿ ಹುಟ್ಟಿದ ಭಾರತೀಯ ಜಾಹೀರಾತು ಮಾನದಂಡ ಮಂಡಳಿಯ ಸಂಹಿತೆಯಲ್ಲಿ ಅತಿಶಯೋಕ್ತಿಗೆ ಜಾಗವಿದೆ: ನಗಿಸಲು, ಕಣ್ಸೆಳೆಯಲು ಹೇಳಿದ್ದು ಎಂದು ನೋಡಿದವರಿಗೆ ಸ್ಪಷ್ಟವಾಗಿ ತಿಳಿಯುವಂತಿದ್ದರೆ ಅಡ್ಡಿಯಿಲ್ಲ. ದಂಡಿ ಓದಿದ್ದರೆ ತಲೆದೂಗುತ್ತಿದ್ದ. ಫೆವಿಕಾಲ್ ಡಬ್ಬಿಯಲ್ಲಿ ಕಾಳು ತಿಂದ ಕೋಳಿ ಇಟ್ಟ ಮೊಟ್ಟೆ ಎಷ್ಟು ಕುಟ್ಟಿದರೂ ಒಡೆಯದ ಜಾಹೀರಾತನ್ನು ನೋಡಿ ನಕ್ಕವರೇ ಎಲ್ಲ. ಅಂಟಿನ ಡಬ್ಬಿ ತಂದು ಕೋಳಿಗೂಡಿನಲ್ಲಿಡುವ ಯೋಚನೆ ಯಾರಿಗೆ ಬಂದೀತು? ಏಳೇ ದಿನದಲ್ಲಿ ಮುಖ ಬೆಳ್ಳಗಾಗುತ್ತದೆ ಎನ್ನುವ ಕ್ರೀಮಿನ ಮಾತು ಹಾಗಲ್ಲ. ಅದು ಉತ್ತರನ ಮನೆಯದು.

ಕೋಳಿಯ ಮಾತು ಬಂದಾಗ ರಾಯಚೂರು ಕಡೆಯ ಬೇಸಿಗೆಯನ್ನು ಬಿಡಲಾಗದು. ಅಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂಬ ತಮಾಷೆಯನ್ನು ಅಲ್ಲಿಯವರೇ ಹೇಳುತ್ತಾರೆ. ಏಪ್ರಿಲ್ ಮಧ್ಯಾಹ್ನ ಬೇವಿನ ಕಟ್ಟೆಯ ಮೇಲೆ ಕೂತವರಲ್ಲಿ ಇಂಥ ಮಾತು ಶುರುವಾದರೆ ಒಂದೇ ನಿಯಮ: ‘ಸುಳ್ಳು’ ಎಂದವನು ಸೋತ, ಮೇಲೊಂದು ಏರಿಸಬೇಕು.

‘ನಮ್ಮೂರಾಗ ಬಿಸಲಿಗೆ ಕೋಳಿ ಕುದ್ದ ತತ್ತಿನ ಇಡಾಕ ಹತ್ಯಾವು ನೋಡ್ರಿ’ ಎನ್ನುತ್ತಾನೆ ಒಬ್ಬ.

‘ನಿಮ್ಮೂರು ತಂಪೈತಿ ಬಿಡೋ ತಮ್ಮಾ’ ಎನ್ನುತ್ತಾರೆ ಪಕ್ಕದೂರಿನ ಹಿರಿಯರು. ‘ನಮ್ಮೂರಾಗ ಸಿಪ್ಪಿ ಸುಲದು, ಉಪ್ಪು ಖಾರ ಹಚ್ಚೇ ಇಡ್ತಾವು.’

‘ಉಳ್ಳಾಗಡ್ಡಿನೂ ಹೆಚ್ಚಿ ಇಡ್ತಾವೇನ್ರಿ ಕಾಕಾ?’

‘ಇಲ್ಲಪ್ಪಾ, ಸುಳ್ಳ್ಯಾಕ ಹೇಳ್ಲಿ. ಉಳ್ಳಾಗಡ್ಡಿ ರೇಟ್ ಜಾಸ್ತಿ ಆಗೇತಿ, ಈ ವರ್ಷ ಬಿಟ್ಟಾವು.’