ಗಲ್ಲಾಪೆಟ್ಟಿಗೆ ಮತ್ತು 3 ವೋಲ್ಟಿನ ಬ್ಯಾಟರಿ

ಪರಿಚಯದ ದಿನಸಿ ಅಂಗಡಿಯ ಶೆಟ್ರು ಮೊನ್ನೆ ಸಂಜೆ ಫೋನ್ ಮಾಡಿದ್ರು. "ಕ್ಯಾಮೆರಾದಲ್ಲಿ ಕಳ್ಳ ಸಿಕ್ಕಿದ್ದಾನೆ, ಪೆನ್ ಡ್ರೈವಿಗೆ ಹಾಕಿಕೊಡಿ ಮಾರಾಯ್ರೆ."

ಗಲ್ಲಾದಲ್ಲಿ ಎರಡು ಸಾವಿರ ಕಡಿಮೆ. ಊಟಕ್ಕೆ ಬಾಗಿಲು ಹಾಕಿದ್ದ ಹೊತ್ತಲ್ಲಿ, 1.50ಕ್ಕೆ, ಕೆಲಸದ ಹುಡುಗ ಗಲ್ಲಾ ತೆರೆಯುವ ದೃಶ್ಯ. ಹುಡುಗ ಮೂಲೆಯಲ್ಲಿ ಅಳುತ್ತಾ ನಿಂತಿದ್ದ.

ನಾನು ಮೊದಲು ನೋಡಿದ್ದು ಸಮಯ. ನನ್ನ ಮೊಬೈಲಿನಲ್ಲಿ 6.40, ಕಂಪ್ಯೂಟರಿನಲ್ಲಿ 4.30! ಚಿತ್ರದ ಮೇಲೆ ಬೀಳುವುದು ಕಂಪ್ಯೂಟರಿನ ಸಮಯವೇ. ಕರೆಂಟಿಲ್ಲದಾಗ ಆ ಗಡಿಯಾರ ನಡೆಸುವುದು ಮದರ್‌ಬೋರ್ಡಿನ ಮೇಲಿರುವ ಸಿಆರ್2032 ಎಂಬ ಬಿಲ್ಲೆ ಬ್ಯಾಟರಿ. 3 ವೋಲ್ಟ್ ಇರಬೇಕಾದದ್ದು ಮೀಟರಿನಲ್ಲಿ 2.3 ತೋರಿಸಿತು. ಹಿಂದಿನ ರಾತ್ರಿ ಕರೆಂಟ್ ಹೋಗಿ ಯುಪಿಎಸ್ಸೂ ಮಲಗಿತ್ತಂತೆ. ಅಷ್ಟು ಹೊತ್ತು ಗಡಿಯಾರ ನಿಂತುಬಿಟ್ಟಿದೆ.

ಅಂದರೆ ಆ ದೃಶ್ಯ ನಡೆದದ್ದು ನಾಲ್ಕು ಗಂಟೆಗೆ. "ನೀವು ಚಹಾಕ್ಕೆ ಹೋಗೋ ಹೊತ್ತಲ್ವಾ?" ಅಂದೆ. ದಿನಾ ಆಗ ಹುಡುಗನನ್ನು ಗಲ್ಲಾದಲ್ಲಿ ಕೂರಿಸುವವರು ಶೆಟ್ರೇ! ಕ್ಯಾಮೆರಾಕ್ಕೆ ಕಾಣುವುದು ಗಲ್ಲಾ ಮಾತ್ರ, ಎದುರಿನ ಗಿರಾಕಿ ಅಲ್ಲ.

ಬ್ಯಾಟರಿ ಬದಲಿಸಿ, ಇಂಟರ್ನೆಟ್ ಸಮಯಕ್ಕೆ ಜೋಡಿಸಿ ಬಂದೆ. ಎರಡು ಸಾವಿರ ಇನ್ನೂ ಸಿಕ್ಕಿಲ್ಲ. ಹುಡುಗ ಕೆಲಸದಲ್ಲಿದ್ದಾನೆ. ನಿಮ್ಮ ಅಂಗಡಿಯಲ್ಲೂ ಕ್ಯಾಮೆರಾ ಇದ್ದರೆ, ಅದರ ಸಮಯವನ್ನು ಇವತ್ತೇ ಒಮ್ಮೆ ನಿಮ್ಮ ಗಡಿಯಾರದ ಜೊತೆ ಹೋಲಿಸಿ ನೋಡಿ.